‘ಇಲ್ಲೆ’ ಎನ್ನುತ್ತಿದ್ದ ಅಕ್ಕೋರು

ಸತ್ತವರನ್ನು ಸಾಧು ಮಾಡುವ ಚಟ ನಮ್ಮ ಊರಿಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಕಳೆದ ಭಾನುವಾರ ಶಿರಸಿಯಲ್ಲಿ ನಮ್ಮ ಅಕ್ಕೋರ ಶ್ರದ್ಧಾಂಜಲಿ ಸಭೆ ಇತ್ತು. ಅವರು ಪಾಠ ಮಾಡುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದ ಯಜಮಾನರು ಮೈಕಿನ ಮುಂದೆ ನಿಂತು, ಕರ್ಚೀಫಿನಿಂದ ಕಣ್ಣು ಒತ್ತಿಕೊಂಡು, ‘ಅಕ್ಕೋರು ಸಹನಾಮೂರ್ತಿ. ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದರು. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಸಹನಾಮೂರ್ತಿಯಂತೆ! ಆ ಮಾತು ಕೇಳಿದ್ದರೆ ಅಕ್ಕೋರು ಫೋಟೋದಿಂದ ಎದ್ದು ಬಂದು ಆ ಮೈಕನ್ನು ಕಿತ್ತು ಬಿಸಾಡುತ್ತಿದ್ದರು.

ನಾನು ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆ ಎಂದು ಮನೆಯವರು ಹೇಳಿದರು. ತಣ್ಣಗಾದರೆ ನಾನೂ ಸಹನಾಮೂರ್ತಿ ಎಂದು ಬರೆದುಬಿಡುತ್ತೇನೇನೋ ಎಂಬ ಹೆದರಿಕೆ ನನಗೆ.

ಅಕ್ಕೋರು ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸು. ಮಗ್ಗಿ ಹೇಳಿಕೊಟ್ಟರೂ ಅಕ್ಕೋರೇ, ಕಂಪ್ಯೂಟರ್ ಬಿಚ್ಚಲು ಕಲಿಸಿದರೂ ಅಕ್ಕೋರೇ. ಇವರು ಎರಡನೆಯ ಜಾತಿಯವರು. ಶಿರಸಿಯ ಹಳೇ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಟಯರ್ ಅಂಗಡಿಯ ಮಹಡಿಯ ಮೇಲೆ ಆ ಕೇಂದ್ರ. ಅಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಇವರ ಪಾಲಿಗೆ. ಕುಳ್ಳಗಿನ ಗಟ್ಟಿ ಹೆಂಗಸು, ಸಿದ್ದಾಪುರದ ಕಡೆಯವರು; ಅವರ ಮನೆಮಾತಿನಲ್ಲಿ ‘ಇಲ್ಲ’ ಎಂದರೆ ‘ಇಲ್ಲೆ’, ‘ನಾನು’ ಎಂದರೆ ‘ಆನು’. ಕಾಟನ್ ಸೀರೆ, ದೊಡ್ಡ ತುರುಬು, ತುರುಬಿನಲ್ಲಿ ಒಂದು ತುಂಡು ಅಬ್ಬಲಿಗೆ ಹೂವಿನ ದಂಡೆ, ಅದರ ಪಕ್ಕದಲ್ಲೇ ಸಿಕ್ಕಿಸಿದ ಸ್ಕ್ರೂಡ್ರೈವರ್. ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು. ಅವರು ತಿರುಗಿ ನೋಡಿದ ಮೇಲೆ ನಗು ನಿಲ್ಲುತ್ತಿತ್ತು.

ನಾನು ಯಲ್ಲಾಪುರ ತಾಲೂಕಿನ ನಂದೊಳ್ಳಿಯವಳು. ನಮ್ಮದು ಗದ್ದೆ ಮಾಡುವ ಮನೆ. ಬಿ.ಎ. ಮುಗಿಸಿ, ಬಿ.ಎ.ಯನ್ನು ನಾಯಿಯೂ ಮೂಸುವುದಿಲ್ಲ ಎಂದು ಎಲ್ಲರ ಬಾಯಲ್ಲೂ ಕೇಳಿಸಿಕೊಂಡು, ‘ಐಟಿ’ಗೆ ಹೋಗುತ್ತೇನೆಂದು ಹಟ ಹಿಡಿದು ಶಿರಸಿ ಬಸ್ಸು ಹತ್ತಿದ್ದೆ. ಕೇಂದ್ರದ ಬಾಗಿಲಿನ ಮೇಲೆ ಒಂದು ಬ್ಯಾನರು. ಕ್ಲೌಡ್, ಸೈಬರ್ ಸೆಕ್ಯುರಿಟಿ, ಕೃತಕ ಬುದ್ಧಿಮತ್ತೆ, ಎಲ್ಲಕ್ಕೂ ಸರ್ಟಿಫಿಕೇಟು, ನೂರಕ್ಕೆ ನೂರು ಕೆಲಸ ಗ್ಯಾರಂಟಿ. ಪಕ್ಕದಲ್ಲಿ ಕೋಟು ಹಾಕಿಕೊಂಡ, ಶಿರಸಿಯಲ್ಲಿ ಯಾರೂ ಯಾವತ್ತೂ ನೋಡಿರದ ಒಬ್ಬ ಬಿಳಿ ಮನುಷ್ಯ ನಗುತ್ತಿದ್ದ. ನಾನು ಯಜಮಾನರ ಎದುರು ಕುಳಿತು, ಬ್ಯಾನರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದ್ದ ಕೋರ್ಸೇ ಬೇಕು ಎಂದೆ. ಅವರು ಸಂತೋಷದಿಂದ ಪೆನ್ನಿನ ಮುಚ್ಚಳ ತೆಗೆದರು.

‘ಎಂತ ಕೆಲ್ಸ ಬೇಕೇ ನಿಂಗೆ?’

ಹಿಂದಿನಿಂದ ಬಂದ ಧ್ವನಿ. ಒಳಗಿನ ಕೋಣೆಯ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು, ಕೈಯಲ್ಲಿ ಕಂಪ್ಯೂಟರಿನಿಂದ ಬಿಚ್ಚಿದ, ಧೂಳು ಹಿಡಿದ ಒಂದು ಫ್ಯಾನು.

‘ಐಟಿ ಕೆಲಸ’ ಎಂದೆ.

‘ಐಟಿ ಹೇಳಿ ಒಂದು ಕೆಲ್ಸವೇ ಇಲ್ಲೆ. ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸಿನ ಊರಿಗೆ ಟಿಕೆಟ್ ಕೊಡಿ ಅಂದ್ರೆ ಕಂಡಕ್ಟರು ಎಂತ ಹೇಳ್ತ? ಸಿದ್ದಾಪುರಕ್ಕ, ಯಲ್ಲಾಪುರಕ್ಕ ಹೇಳು ಮೊದ್ಲು. ಸರ್ಟಿಫಿಕೇಟು ಆಮೇಲೆ.’

ನನಗೆ ಉತ್ತರ ಗೊತ್ತಿರಲಿಲ್ಲ. ಕ್ಲೌಡ್ ಎಂದರೇನು ಎಂದು ಕೇಳಿದರು. ಅದೂ ಗೊತ್ತಿರಲಿಲ್ಲ. ‘ಆಗ್ತಿಲ್ಲೆ. ಇವ್ಳನ್ನ ಆ ಕೋರ್ಸಿಗೆ ಹಾಕ್ಲೆ ಆಗ್ತಿಲ್ಲೆ’ ಎಂದು ಯಜಮಾನರಿಗೆ ಹೇಳಿ ಒಳಗೆ ಹೋದರು. ಯಜಮಾನರು ಹಲ್ಲು ಕಚ್ಚಿಕೊಂಡು ನಕ್ಕು, ‘ಅವರು ಹಾಗೇ. ನೋಡ್ವ, ನೀವು ನಾಳೆ ಬನ್ನಿ’ ಎಂದರು. ಇಷ್ಟು ದೂರ ಬಂದವಳನ್ನು ನಾಲ್ಕು ಜನರ ಎದುರು ‘ಆಗ್ತಿಲ್ಲೆ’ ಎಂದ ಆ ಹೆಂಗಸಿಗೆ ಯಲ್ಲಾಪುರ ಮುಟ್ಟುವವರೆಗೂ ಮನಸ್ಸಿನಲ್ಲೇ ಶಾಪ ಹಾಕಿದೆ.

ಮರುದಿನ ಹೋದೆ. ಬೈಯಬೇಕೆಂದೇ ಹೋದೆ. ಅಕ್ಕೋರು ನನ್ನನ್ನು ಕೂರಿಸಿ, ಮೊಬೈಲಿನಲ್ಲಿ ಕೆಲಸದ ಜಾಹೀರಾತುಗಳನ್ನು ತೆಗೆದು ಓದಲು ಹೇಳಿದರು. ಬೆಂಗಳೂರಿನದಲ್ಲ. ಹುಬ್ಬಳ್ಳಿಯ ಆಸ್ಪತ್ರೆಯದು, ಕಾರವಾರದ ಕಾಂಟ್ರಾಕ್ಟು ಕಂಪನಿಯದು, ಶಿರಸಿಯದೇ ಸೊಸೈಟಿಯದು. ಮೊದಲ ಕೆಲಸಕ್ಕೆ ಅವರೆಲ್ಲ ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಕೆಟ್ಟರೆ ಏಕೆಂದು ಗೊತ್ತಾಗಬೇಕು, ಪ್ರಿಂಟರ್ ಓಡಬೇಕು, ನೆಟ್ ಹೋದರೆ ಎಲ್ಲಿ ಹೋಯಿತೆಂದು ಹುಡುಕಬೇಕು, ಫೋನಿನಲ್ಲಿ ಜನರ ಹತ್ತಿರ ನೆಟ್ಟಗೆ ಮಾತಾಡಬೇಕು. ಕೆಲವರು ಮಾತ್ರ ಸಪೋರ್ಟ್ ಕೆಲಸದ ಆರಂಭದ ಸರ್ಟಿಫಿಕೇಟು ಇದ್ದರೆ ಒಳ್ಳೆಯದು ಎಂದಿದ್ದರು. ‘ಹಂಗಾದ್ರೆ ಮೊದ್ಲು ಅದೊಂದು. ಕೆಲ್ಸಕ್ಕೆ ಸೇರಿ ಕೈ ಕೊಳೆ ಆದ್ಮೇಲೆ ನೆಟ್‌ವರ್ಕಿಂದು. ಕ್ಲೌಡು, ಮಣ್ಣು ಮಸಿ ಎಲ್ಲ ಆಮೇಲೆ, ಅದೂ ನಿಂಗೆ ಬೇಕು ಹೇಳಿ ಕಂಡ್ರೆ. ಎಲ್ಲ ಒಟ್ಟಿಗೇ ಕಟ್ಟಿಕೊಂಡು ಎಂತ ಮಾಡ್ತೆ, ಹಾರ ಮಾಡಿ ಹಾಕ್ಕತ್ಯಾ?’

ಬೈಯಲು ಹೋದವಳು ಹಾರ್ಡ್‌ವೇರ್ ತರಗತಿಗೆ ಸೇರಿದೆ. ಯಜಮಾನರಿಗೆ ದೊಡ್ಡ ಕೋರ್ಸಿನ ಗಿರಾಕಿ ತಪ್ಪಿತು. ಹೀಗೆ ಅಕ್ಕೋರು ಎಷ್ಟು ಗಿರಾಕಿಗಳನ್ನು ತಪ್ಪಿಸಿದ್ದರೋ ಏನೋ, ಅವರ ಹೆಸರು ಎತ್ತಿದರೆ ಯಜಮಾನರ ಕಪಾಳದ ನರ ಕುಣಿಯುತ್ತಿತ್ತು. ಆ ನರ ಭಾನುವಾರ ಎಲ್ಲಿ ಹೋಗಿತ್ತೋ.

ನಮ್ಮ ಘಟ್ಟದ ಮೇಲಿನ ಜನರ ಒಂದು ರೋಗ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾವು ಯಾರೂ ಇಲ್ಲ ಎನ್ನುವುದಿಲ್ಲ. ‘ನೋಡ್ವ’ ಎನ್ನುತ್ತೇವೆ, ಅಂದರೆ ನೋಡೋಣ. ಸಾಲ ಕೇಳಿದರೆ ನೋಡ್ವ, ಹೆಣ್ಣು ಕೇಳಿದರೆ ನೋಡ್ವ, ಕೆಲಸ ಕೇಳಿದರೆ ನೋಡ್ವ. ಮುಖ ಮುರಿಯಬಾರದು, ದಾಕ್ಷಿಣ್ಯ ಕೆಡಬಾರದು. ಹೇಳಿದವರು ಮರೆತು ಉಂಡು ಮಲಗುತ್ತಾರೆ, ಕೇಳಿದವರು ಕಾಯುತ್ತಾರೆ. ಇದಕ್ಕೆ ನಾವು ಸಂಸ್ಕಾರ ಎಂದು ಹೆಸರಿಟ್ಟುಕೊಂಡಿದ್ದೇವೆ. ಅಕ್ಕೋರಿಗೆ ಈ ಸಂಸ್ಕಾರ ಕಂಡರೆ ಆಗುತ್ತಿರಲಿಲ್ಲ. ಇಡೀ ಶಿರಸಿಯಲ್ಲಿ ಮುಖಕ್ಕೆ ‘ಇಲ್ಲೆ’ ಎನ್ನುತ್ತಿದ್ದ ಹೆಂಗಸು ಅವರೊಬ್ಬರೇ ಇರಬೇಕು. ಅದಕ್ಕೇ ಊರಿನವರು ಅವರನ್ನು ಗಂಡುಬೀರಿ ಎಂದರು, ನಾಲಿಗೆ ಸರಿ ಇಲ್ಲ ಎಂದರು, ಅದಕ್ಕೇ ಮದುವೆ ಆಗಲಿಲ್ಲ ಎಂದೂ ಅಂದರು. ಅಂದವರಲ್ಲಿ ಅರ್ಧ ಜನ ಭಾನುವಾರ ಮುಂದಿನ ಸಾಲಿನಲ್ಲಿದ್ದರು.

ನಮ್ಮ ಬ್ಯಾಚಿನ ಒಬ್ಬ ಹುಡುಗ ಸಿದ್ದಾಪುರದ ಒಂದು ಅಂಗಡಿಗೆ ಸಂದರ್ಶನಕ್ಕೆ ಹೋಗಿದ್ದ. ಕಂಪ್ಯೂಟರ್, ಸಿಸಿಟಿವಿ ಮಾರುವ ಅಂಗಡಿ. ‘ನೋಡ್ವ, ತಿಳಿಸ್ತೇವೆ’ ಎಂದಿದ್ದರಂತೆ. ಅವನು ಮಳೆಗಾಲವಿಡೀ ಆ ಮಾತನ್ನು ನೆಚ್ಚಿಕೊಂಡು ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಅಕ್ಕೋರಿಗೆ ಗೊತ್ತಾದ ದಿನ ಅವನ ಜೊತೆ ನನ್ನನ್ನೂ ಎಳೆದುಕೊಂಡು ಸಿದ್ದಾಪುರ ಬಸ್ಸು ಹತ್ತಿದರು. ಅಂಗಡಿಯವರಿಗೆ ಪರಿಚಯವೇ. ‘ಓಹೋ, ಬನ್ನಿ ಅಕ್ಕೋರೆ, ಅಪರೂಪ’ ಎಂದು ಕುರ್ಚಿ ಒರೆಸಿ, ಚಹಾ ತರಿಸಿದರು.

‘ಈ ಮಾಣಿಗೆ ಕೆಲ್ಸ ಇದ್ದಾ, ಇಲ್ಯಾ?’

‘ಅಯ್ಯೋ, ಅದಕ್ಕೆಂತ ಅಕ್ಕೋರೆ. ನೋಡ್ವ. ಚಾ ತಗಳಿ ಮೊದ್ಲು.’

‘ಚಾ ಅಲ್ಲೇ ಇರ್ಲಿ. ಇದ್ದಾ, ಇಲ್ಯಾ?’

ಅಂಗಡಿಯವರು ಹವೆ ಬಗ್ಗೆ ಮಾತಾಡಿದರು. ವ್ಯಾಪಾರ ಬಿದ್ದುಹೋದದ್ದನ್ನು ಹೇಳಿದರು. ಅಕ್ಕೋರ ಜೊತೆಗಿದ್ದ ಅವರ ಅಕ್ಕನ ಆರೋಗ್ಯ ವಿಚಾರಿಸಿದರು. ಅಕ್ಕೋರು ಲೋಟ ಮುಟ್ಟದೆ ಅವರ ಮುಖವನ್ನೇ ನೋಡುತ್ತ ಕುಳಿತರು. ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಆ ಮನುಷ್ಯ ನೆಲ ನೋಡಿಕೊಂಡು, ‘ಇಲ್ಲ ಅಕ್ಕೋರೆ. ನನ್ನ ಭಾವನ ಮಗನನ್ನ ತಗಂಡಾಯ್ತು’ ಎಂದರು. ‘ಅಷ್ಟೇ ಅಲ್ದಾ! ಅದನ್ನ ಜೂನಿನಲ್ಲೇ ಹೇಳಿದ್ರೆ ನಿಂದೆಂತ ಗಂಟು ಹೋಗ್ತಿತ್ತು ಮಾರಾಯ?’ ಎಂದು ಕೆನೆ ಸರಿಸಿ, ಆರಿದ ಚಹಾವನ್ನು ಪೂರ್ತಿ ಕುಡಿದು, ಚೆನ್ನಾಗಿದೆ ಎಂದೂ ಹೇಳಿ ಎದ್ದರು. ಬಸ್ಸಿನಲ್ಲಿ ಹುಡುಗ ಅತ್ತ. ‘ಅಳು. ಅತ್ತು ಮುಗ್ಸು. ನಾಳೆ ಬೇರೆ ಕಡೆ ಅರ್ಜಿ ಹಾಕು. ನೋಡ್ವ ಅಂದ್ರೆ ಇಲ್ಲೆ ಹೇಳಿ ತಿಳ್ಕ’ ಎಂದರು. ಅವನೀಗ ಹುಬ್ಬಳ್ಳಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ.

ತರಗತಿಯಲ್ಲೂ ಅದೇ ಕಾಟ. ಸ್ಕ್ರೂ ತಿರುಗಿಸುವುದಕ್ಕಿಂತ ಹೆಚ್ಚಾಗಿ ಫೋನು ಎತ್ತುವುದನ್ನು ಕಲಿಸುತ್ತಿದ್ದರು. ಅವರು ಗಿರಾಕಿ, ನಾವು ಸಪೋರ್ಟಿನವರು. ಕೋಣೆಯ ಮೂಲೆಯಲ್ಲಿ ನಿಂತು ಉಮ್ಮಚಗಿಯ ಒಬ್ಬ ಸಿಡುಕು ಮುದುಕನ ಧ್ವನಿ ತೆಗೆಯುತ್ತಿದ್ದರು. ‘ಏ, ನಿಮ್ಮ ನೆಟ್ಟು ಸತ್ತೋಜು! ಮಗ ಅಮೆರಿಕದಿಂದ ಕಾಣ್ತ ಇಲ್ಲೆ!’ ನಾವು ಕೇಳಬೇಕು: ದೀಪ ಉರಿಯುತ್ತಿದೆಯೇ, ಯಾವ ಬಣ್ಣ, ಗುಡುಗು ಬಂದಿತ್ತೇ, ಪ್ಲಗ್ಗು ಯಾರಾದರೂ ಕಿತ್ತಿದ್ದಾರೆಯೇ. ಮುದುಕ ಯಾವುದಕ್ಕೂ ನೆಟ್ಟಗೆ ಉತ್ತರಿಸುತ್ತಿರಲಿಲ್ಲ. ನಮಗೆ ಸಾಕಾಗಿ ಯಾರಾದರೂ ‘ಆಯ್ತು, ನೋಡ್ವ ಅಜ್ಜ’ ಎಂದರೆ ಮುಗಿಯಿತು, ಮುದುಕ ಮಾಯವಾಗಿ ಅಕ್ಕೋರು ಎದುರು ಬಂದು ನಿಲ್ಲುತ್ತಿದ್ದರು. ‘ಗೊತ್ತಿದ್ರೆ ಗೊತ್ತಿದ್ದು ಹೇಳು. ಗೊತ್ತಿಲ್ದಿದ್ರೆ ಗೊತ್ತಿಲ್ಲೆ, ಕೇಳಿ ಇಂಥ ಹೊತ್ತಿಗೆ ಹೇಳ್ತೆ ಅನ್ನು. ಆಗ್ದೇ ಇದ್ರೆ ಇಲ್ಲೆ ಅನ್ನು. ಅವ ಅಲ್ಲಿ ಮೊಬೈಲು ಹಿಡ್ಕಂಡು ಕಾಯ್ತಾ ಇದ್ದ, ನೀ ಇಲ್ಲಿ ನೋಡ್ವ ಹೇಳಿ ಕೂತ್ರೆ ಪಾಪ ಹತ್ತಿಹೋಗ್ತು.’ ಒಬ್ಬಳಿಗೆ ಅತ್ತೇಬಿಡುವಷ್ಟು ಬೈದರು. ಸಂಜೆ ಅವಳನ್ನೇ ಕರೆದುಕೊಂಡು ಹೋಗಿ ದೇವಿಕೆರೆಯ ಹತ್ತಿರ ಮಿರ್ಚಿ ಭಜಿ ಕೊಡಿಸಿದರು. ಕ್ಷಮೆ ಮಾತ್ರ ಕೇಳಲಿಲ್ಲ.

ನಾನು ಆ ಸಪೋರ್ಟ್ ಪರೀಕ್ಷೆ ಒಂದನ್ನೇ ಓದಿ ಪಾಸಾದೆ. ಶಿರಸಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ ಸಿಕ್ಕಿತು. ಸಿದ್ದಾಪುರ, ಯಲ್ಲಾಪುರದ ಶಾಖೆಗಳಲ್ಲಿ ಕಂಪ್ಯೂಟರ್ ನಿಂತರೆ ನನಗೆ ಫೋನು ಬರುತ್ತದೆ, ಸ್ಕೂಟಿ ಹತ್ತಿ ಹೋಗುತ್ತೇನೆ. ಬ್ಯಾನರಿನ ದೊಡ್ಡ ಕೋರ್ಸು ಮಾಡಿದ ನನ್ನ ಜೊತೆಯವರು ಕೆಲವರು ಇನ್ನೂ ಸರ್ಟಿಫಿಕೇಟುಗಳಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಮನೆಯಲ್ಲಿದ್ದಾರೆ. ಅವರು ದಡ್ಡರೇನಲ್ಲ. ಯಾವ ಊರಿಗೆ ಹೋಗಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಕೇಂದ್ರಕ್ಕೆ ಒಂದು ಹೊಸ ನಿಯಮ ಬಂತು. ಯಾವ ಪರೀಕ್ಷೆಗೆ ಪಾಠ ಮಾಡುತ್ತಾರೋ ಆ ಪರೀಕ್ಷೆಯ ಸರ್ಟಿಫಿಕೇಟು ಪಾಠ ಮಾಡುವವರಿಗೂ ಇರಬೇಕು. ಅಕ್ಕೋರ ಹತ್ತಿರ ಅದು ಇರಲಿಲ್ಲ. ಟೈಪಿಂಗ್ ಕಲಿಸಲು ಬಂದು, ಕೆಟ್ಟ ಯಂತ್ರಗಳನ್ನು ಬಿಚ್ಚುತ್ತ ಬಿಚ್ಚುತ್ತ ಕಲಿತವರು. ವಯಸ್ಸು ಐವತ್ತು ದಾಟಿತ್ತು. ಪಾಸಾಗದಿದ್ದರೆ ಆ ಕೋಣೆಗೆ ಕಾಲಿಡುವಂತಿಲ್ಲ. ಅವರಿಗೆ ಗಂಡ ಇಲ್ಲ, ಮಕ್ಕಳಿಲ್ಲ, ವಯಸ್ಸಾದ ಅಕ್ಕನ ಜೊತೆ ಯಲ್ಲಾಪುರ ನಾಕೆಯ ಹತ್ತಿರ ಬಾಡಿಗೆ ಮನೆ. ಆ ಕೋಣೆಯೇ ಅವರ ಎಲ್ಲ.

ಯಜಮಾನರು ಒಂದು ಉಪಾಯ ಹೇಳಿದರು. ಪರೀಕ್ಷೆಯ ಪ್ರಶ್ನೆಗಳನ್ನು ಯಾರೋ ಕದ್ದು ಹಂಚುವ ಪಿಡಿಎಫ್‌ಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತವೆ. ಬಾಯಿಪಾಠ ಮಾಡಿದರೆ ಸಾಕು. ಕೇಂದ್ರದ ಇನ್ನೊಬ್ಬ ಹುಡುಗ ಹಾಗೇ ಮಾಡಿ ಪಾಸಾದ. ಅಕ್ಕೋರು ‘ಇಲ್ಲೆ’ ಎಂದರು. ‘ಬಾಯಿಪಾಠ ಮಾಡಿ ಪಾಸಾದವ ಮೊದಲ್ನೇ ಫೋನಿಗೇ ನೋಡ್ವ ಹೇಳ್ತ’ ಎಂದರು. ಪುಸ್ತಕವನ್ನೂ ಸರಿಯಾಗಿ ಓದಲಿಲ್ಲ, ಅದು ಬೇರೆ ಮಾತು. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಓದುವುದೇನು ಎಂಬ ಧಿಮಾಕು.

ಹುಬ್ಬಳ್ಳಿಯ ಪರೀಕ್ಷಾ ಕೇಂದ್ರಕ್ಕೆ ನಾನೇ ಜೊತೆಗೆ ಹೋಗಿದ್ದೆ. ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸು ತುರುಬಿನಿಂದ ಸ್ಕ್ರೂಡ್ರೈವರ್ ಎಳೆದು, ‘ಇದೇನ್ರೀ ಯವ್ವಾ! ಇದನ್ನೆಲ್ಲ ಒಳಗ ಒಯ್ಯಂಗಿಲ್ರೀ’ ಎಂದಳು. ಅಕ್ಕೋರು ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಫೇಲಾಗಿದ್ದರು. ಸಮಯ ಸಾಲಲಿಲ್ಲವಂತೆ. ಅರ್ಧದಷ್ಟು ಪ್ರಶ್ನೆಗಳ ಜೊತೆ ಅವರು ಜಗಳ ಆಡಿದ್ದರು.

‘ಸಿಡ್ಲು ಹೊಡ್ದು ರೌಟರ್ ಸತ್ತಿದ್ದು, ಮೊದ್ಲು ಎಂತ ಮಾಡ್ತೆ ಹೇಳಿ ಕೇಳ್ತ. ಮೋಡ ಕಂಡ್ಕೂಡ್ಲೆ ಪಿನ್ನು ಕಿತ್ತಿದ್ದಿಲ್ಲೆ ಹೇಳಿ ಮನೆಯವಕ್ಕೆ ಬೈಯಕು. ಆ ಉತ್ತರವೇ ಕೊಟ್ಟಿದ್ವಿಲ್ಲೆ!’

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಬಸ್ಸು ಊರು ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡು, ‘ಪರೀಕ್ಷೆ ಸಮಾ ಇದ್ದು. ಆನೇ ಓದಿದ್ನಿಲ್ಲೆ’ ಎಂದರು.

ಮರುದಿನದಿಂದಲೇ ಬಾಯಿಪಾಠದ ಹುಡುಗ ಅವರ ಕೋಣೆಯಲ್ಲಿ ಪಾಠಕ್ಕೆ ನಿಂತ.

ಅದಾದ ಮೇಲೆ ಅಕ್ಕೋರು ಮಧ್ಯಾಹ್ನದ ಬಿಡುವಿಗೆ ನಮ್ಮ ಆಫೀಸಿಗೆ ಬರತೊಡಗಿದರು. ಹಿಂದಿನ ಮೆಟ್ಟಿಲಿನ ಮೇಲೆ ಕುಳಿತು, ತಂದ ಬುತ್ತಿ ಬಿಚ್ಚಿ ನನಗೂ ಬಡಿಸಿ, ಪುಸ್ತಕ ಮುಂದಿಡುತ್ತಿದ್ದರು. ನಾನು ಕಲಿಸಬೇಕು. ನನಗೆ ಕಲಿಸಿದವರಿಗೆ ನಾನು ಏನು ಹೇಳಲಿ? ತಪ್ಪು ಉತ್ತರ ಕೊಟ್ಟರೆ, ‘ಪರವಾಗಿಲ್ಲ ಅಕ್ಕೋರೆ, ಇದು ಹೀಗೆ’ ಎನ್ನುತ್ತಿದ್ದೆ. ಅವರು ಪುಸ್ತಕ ಪಟ್ಟನೆ ಮುಚ್ಚಿದರು.

‘ಪರವಾಗಿಲ್ಲೆ ಹೇಳಿ ಆನು ಯಾವಾಗಾದ್ರೂ ನಿಂಗೆ ಹೇಳಿದ್ನಾ? ಬೈಯ್ಯೇ. ಬೈಯ್ದೇ ಕಲ್ಸಲೆ ಆಗ್ತಾ?’

ಬೈದೆ. ಮೊದಲು ಮೆಲ್ಲಗೆ, ಆಮೇಲೆ ಮನಸಾರೆ. ‘ಅಕ್ಕೋರೆ, ಉತ್ತರ ಕೊಡಬೇಕಾದ್ದು ಪ್ರಶ್ನೆಗೆ. ಪ್ರಶ್ನೆ ಬರೆದವನ ಜೊತೆ ಜಗಳಕ್ಕೆ ಹೋಗ್ಬೇಡಿ. ಗೊತ್ತಿಲ್ಲದ್ದನ್ನ ಬಿಟ್ಟು ಮುಂದೆ ಹೋಗಿ. ಕಿವಿ ಕೇಳ್ಸೂದಿಲ್ವಾ ನಿಮಗೆ?’ ಎಂದು ಮೆಟ್ಟಿಲು ಅದುರುವಂತೆ ಕೂಗಿದ ದಿನ ನಮ್ಮ ಮ್ಯಾನೇಜರು ಕಿಟಕಿಯಿಂದ ಇಣುಕಿ ನೋಡಿದರು. ಅಕ್ಕೋರು ಶಾಲೆಯ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡರು, ಆಮೇಲೆ ‘ಈಗ ಸಮಾ ಆತು’ ಎಂದರು. ನನಗೆ ಈಗ ಇರುವ ಈ ನಾಲಿಗೆ ಅಲ್ಲಿ ಸಾಣೆ ಹಿಡಿದದ್ದು.

ಎರಡನೆಯ ಸಲ ಪಾಸಾದರು. ನನಗಿಂತ ಹೆಚ್ಚು ಅಂಕ. ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಹುಬ್ಬಳ್ಳಿ ಬಸ್ ನಿಲ್ದಾಣದ ಎದುರು ಗಿರಮಿಟ್ಟು ತಿಂದು, ಖಾರಕ್ಕೋ ಏನಕ್ಕೋ ಕಣ್ಣು ಮೂಗು ಒರೆಸಿಕೊಂಡರು. ಶಿರಸಿಗೆ ಇಳಿದವರೇ ಮನೆಗೂ ಹೋಗದೆ ಟಯರ್ ಅಂಗಡಿಯ ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ.

ಯಜಮಾನರು ಎದ್ದು ನಿಂತರು. ‘ಭೇಷ್ ಅಕ್ಕೋರೆ! ಈ ವಯಸ್ಸಿನಲ್ಲಿ!’ ಎಂದರು. ಎಲ್ಲಿಂದಲೋ ಒಂದು ಶಾಲು ಬಂತು, ಹೊದೆಸಿ ಫೋಟೋ ತೆಗೆಸಿಕೊಂಡರು. ಅಕ್ಕೋರು ಶಾಲು ಮಡಚುತ್ತ, ‘ಹಂಗಾರೆ ಸೋಮವಾರದಿಂದ ಕ್ಲಾಸಿಗೆ ಬರ್ಲಾ?’ ಎಂದು ಕೇಳಿದರು. ಅವರ ಧ್ವನಿ ಅಷ್ಟು ಮೆತ್ತಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

‘ಅದಕ್ಕೇನು ಅಕ್ಕೋರೆ. ಈ ಬ್ಯಾಚು ಆ ಹುಡುಗ ಶುರು ಮಾಡಿಬಿಟ್ಟಿದ್ದಾನೆ. ಮುಂದಿನ ಬ್ಯಾಚಿಗೆ ನೋಡ್ವ.’

ನಾನು ಅಕ್ಕೋರ ಮುಖ ನೋಡಿದೆ. ಈಗ ಕೇಳುತ್ತಾರೆ, ಇದ್ದಾ ಇಲ್ಯಾ ಎಂದು ಈಗ ಕೇಳುತ್ತಾರೆ ಎಂದು ಕಾದೆ. ಅವರು ಕೇಳಲಿಲ್ಲ. ‘ಆತು’ ಎಂದು, ಕೊಟ್ಟ ಚಹಾ ಕುಡಿದು, ಇಳಿದು ಬಂದರು. ರಸ್ತೆಯಲ್ಲಿ ನಾನು ಸುಮ್ಮನಿರಲಿಲ್ಲ.

‘ಅಕ್ಕೋರೆ, ನೋಡ್ವ ಅಂದ್ರೆ ಇಲ್ಲ ಅಂತ ನೀವೇ ಅಲ್ವಾ ಹೇಳಿದ್ದು?’

‘ಸುಮ್ನಿರೇ. ಅಂವ ಹಂಗಲ್ಲ. ಸರ್ಟಿಫಿಕೇಟು ಇದ್ದಲೀ ಈಗ.’

ಊರಿಗೆಲ್ಲ ಹೇಳಿಕೊಟ್ಟ ಪಾಠವನ್ನು ಅವರು ತಮಗೆ ಮಾತ್ರ ಹೇಳಿಕೊಳ್ಳಲಿಲ್ಲ. ನನಗೆ ಯಜಮಾನರ ಮೇಲೆ ಎಷ್ಟು ಸಿಟ್ಟಿದೆಯೋ ಅಕ್ಕೋರ ಮೇಲೂ ಅಷ್ಟೇ ಸಿಟ್ಟಿದೆ. ಅವರಿಗೆ ಆ ಕೋಣೆ ಎಷ್ಟು ಬೇಕಾಗಿತ್ತೆಂದರೆ, ಇಲ್ಲ ಎಂಬುದನ್ನು ಕೇಳುವ ಧೈರ್ಯವೇ ಅವರಿಗೆ ಉಳಿಯಲಿಲ್ಲ.

ಮುಂದಿನ ಬ್ಯಾಚು ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲವೂ ಯಜಮಾನರು ನಗುತ್ತಲೇ ನೋಡ್ವ ಎಂದರು. ಕೋಣೆಗೆ ಬೇಡವಾದ ಅಕ್ಕೋರು ಬ್ಯಾನರಿಗೆ ಮಾತ್ರ ಬೇಕಾದರು. ಕೋಟಿನ ಬಿಳಿ ಮನುಷ್ಯ ಹೋಗಿ ಅವನ ಜಾಗದಲ್ಲಿ ಶಾಲು ಹೊದ್ದ ಅಕ್ಕೋರು ಬಂದರು, ಕೆಳಗೆ ‘ನಮ್ಮ ನುರಿತ ಶಿಕ್ಷಕವೃಂದ’. ಹುಬ್ಬಳ್ಳಿ ರಸ್ತೆಯಲ್ಲಿ ಕರೆಂಟು ಕಂಬಕ್ಕೆ ಅವರನ್ನು ಕಟ್ಟಿದ್ದರು. ‘ತೆಗೆಸಿ ಅಕ್ಕೋರೆ’ ಎಂದರೆ, ‘ಇರ್ಲಿ ಬಿಡೇ. ಫೋಟೋ ಹಾಕಿದ ಹೇಳಿ ಆದ್ಮೇಲೆ ಕರೀದೇ ಇರ್ತ್ನಾ?’ ಎನ್ನುತ್ತಿದ್ದರು. ಹೊಸ ಬ್ಯಾಚು ಶುರುವಾಗುವ ಸೋಮವಾರಗಳಂದು ಬೆಳಿಗ್ಗೆಯೇ ಸೀರೆ ಉಟ್ಟು, ದಂಡೆ ಮುಡಿದು, ಫೋನು ಎದುರಿಗಿಟ್ಟುಕೊಂಡು ಕುಳಿತಿರುತ್ತಿದ್ದಳು ಎಂದು ಅವರ ಅಕ್ಕ ನನಗೆ ಈಗ ಹೇಳುತ್ತಾರೆ.

ಒಂದು ಮಧ್ಯಾಹ್ನ ನಮ್ಮ ಮೆಟ್ಟಿಲ ಮೇಲೆ ಇಬ್ಬರೂ ಕುಳಿತಿದ್ದಾಗ ಸಿದ್ದಾಪುರದ ಒಂದು ಕಾಲೇಜಿನಿಂದ ಅವರಿಗೆ ಫೋನು ಬಂತು. ಕಂಪ್ಯೂಟರ್ ಲ್ಯಾಬಿಗೆ ಕಲಿಸುವವರು ಬೇಕು, ಬರುತ್ತೀರಾ ಎಂದು ಕೇಳಿದರು. ಅವರದೇ ಊರಿನ ಕಡೆ. ಮಕ್ಕಳು, ಕೋಣೆ, ಯಂತ್ರ ಎಲ್ಲ ಇದ್ದವು. ನಾನು ಕೈ ಸನ್ನೆ ಮಾಡಿದೆ, ಹೂಂ ಅನ್ನಿ, ಹೂಂ ಅನ್ನಿ ಎಂದು. ಅಕ್ಕೋರು ಫೋನಿಗೆ ಹೇಳಿದರು: ‘ಇಲ್ಲಿ ಮುಂದಿನ ಬ್ಯಾಚಿಗೆ ಕರೀತಿ ಹೇಳಿದ್ದ. ನೋಡ್ವ.’

ಅವರ ಬಾಯಲ್ಲಿ ಆ ಮಾತು! ಅವರಿಗೂ ಕೇಳಿಸಿರಬೇಕು, ಏಕೆಂದರೆ ನನ್ನ ಕಡೆ ನೋಡದೆ ಬುತ್ತಿ ಕಟ್ಟಿಕೊಂಡು ಎದ್ದು ಹೋದರು. ಕಾಲೇಜಿನವರು ಬೇರೆಯವರನ್ನು ತೆಗೆದುಕೊಂಡರು.

ಆ ಸರ್ಟಿಫಿಕೇಟಿಗೆ ಮೂರು ವರ್ಷದ ಅವಧಿ. ಅದು ಮುಗಿಯಿತು, ಯಜಮಾನರ ನೋಡ್ವ ಮುಗಿಯಲಿಲ್ಲ. ಮತ್ತೆ ಪರೀಕ್ಷೆ ಕಟ್ಟುತ್ತೇನೆಂದು ಪುಸ್ತಕ ತೆಗೆದಿದ್ದರು. ಹೋದ ತಿಂಗಳು ಬೆಳಿಗ್ಗೆ ಹೂವು ಕೊಯ್ಯುತ್ತಿದ್ದವರು ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಳಿತರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ಇನ್ನು ಭಾನುವಾರದ ಸಭೆ. ವೇದಿಕೆಯ ಹಿಂದೆ ಕಟ್ಟಿದ್ದ ಅಕ್ಕೋರ ದೊಡ್ಡ ಫೋಟೋ ಬ್ಯಾನರಿನದೇ, ‘ಶಿಕ್ಷಕವೃಂದ’ ಎಂಬ ಜಾಗದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಬಂದಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೇಂದ್ರದ ಟೀ-ಶರ್ಟು ಹಾಕಿದ ಒಬ್ಬಳು ಹುಡುಗಿ. ಮೆಲ್ಲಗೆ ಕೇಳಿದಳು, ‘ಮೇಡಂ, ನೀವು ಇವರ ಹತ್ರ ಕಲಿತವ್ರಾ? ನಾವು ಈ ಫೋಟೋ ನೋಡಿನೇ ಸೇರಿದ್ದು. ಇವರ ಕ್ಲಾಸು ಯಾವಾಗ ಅಂತ ಕೇಳ್ದಾಗೆಲ್ಲ ಸರ್ ನೋಡ್ವ ನೋಡ್ವ ಅಂತಿದ್ರು.’

ಅಷ್ಟರಲ್ಲಿ ಯಜಮಾನರು ಸಹನಾಮೂರ್ತಿಯನ್ನು ಮುಗಿಸಿ ಮುಂದಿನದಕ್ಕೆ ಬಂದಿದ್ದರು. ಹೊಸ ಲ್ಯಾಬಿಗೆ ಅಕ್ಕೋರ ಹೆಸರು ಇಡುತ್ತಾರಂತೆ. ‘ಅವರ ನೆಚ್ಚಿನ ಶಿಷ್ಯೆ ನಮ್ಮ ನಡುವೆಯೇ ಇದ್ದಾರೆ. ಸೋಮವಾರ ಹೊಸ ಬ್ಯಾಚಿನ ಮೊದಲ ಕ್ಲಾಸನ್ನು ಅವರೇ ತಗೋಬೇಕು ಅಂತ ನಮ್ಮೆಲ್ಲರ ಆಸೆ. ಬನ್ನಿ ಮೇಡಂ, ಎರಡು ಮಾತಾಡಿ.’ ಶ್ರದ್ಧಾಂಜಲಿ ಸಭೆ ಎಂಬುದನ್ನೂ ಮರೆತು ಜನ ಚಪ್ಪಾಳೆ ತಟ್ಟಿದರು.

ವೇದಿಕೆ ಹತ್ತಿದೆ. ನಾನೂ ಇದೇ ಮಣ್ಣಿನವಳು. ಇಷ್ಟು ಜನರ ಎದುರು, ಹಿರಿಯರ ಮುಖಕ್ಕೆ, ಸತ್ತವರ ಫೋಟೋದ ಮುಂದೆ ಏನು ಹೇಳಬೇಕೆಂದು ನನಗೂ ಕಲಿಸಿದ್ದಾರೆ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕೈಮುಗಿದು ಅದನ್ನು ಹೇಳಿ ಇಳಿದಿದ್ದರೆ ಎಲ್ಲರಿಗೂ ಚೆನ್ನಾಗಿರುತ್ತಿತ್ತು.

‘ಇಲ್ಲೆ’ ಎಂದೆ.

ಅದು ಅಕ್ಕೋರ ಮಾತು, ನಮ್ಮ ಮನೆಯ ಮಾತಲ್ಲ. ನಂದೊಳ್ಳಿಯ ನಮ್ಮ ಕೇರಿಯಲ್ಲಿ ನಾವು ಹಾಗೆ ಹೇಳುವುದಿಲ್ಲ. ಮೈಕಿನಲ್ಲಿ ಅದು ಜೋರಾಗಿ ಕೇಳಿಸಿತು. ಯಜಮಾನರು ನಗುತ್ತಲೇ ಹತ್ತಿರ ಬಂದು, ‘ದುಃಖದಲ್ಲಿದ್ದಾರೆ, ಪಾಪ. ಅವಸರ ಇಲ್ಲ ಮೇಡಂ, ಆಮೇಲೆ ನೋಡ್ವ’ ಎಂದರು.

‘ನೋಡ್ವ ಅಲ್ಲ. ಇಲ್ಲೆ. ಅಕ್ಕೋರು ಪಾಸಾಗಿ ಬಂದು ಕ್ಲಾಸು ಕೊಡಿ ಅಂತ ಕೇಳಿದ್ರು. ನೀವು ಕೊಡೂದಿಲ್ಲ ಅನ್ನಲಿಲ್ಲ, ಕೊಡಲೂ ಇಲ್ಲ. ಅವರು ಸಾಯೂವರೆಗೂ ಕಾದ್ರು. ಬದುಕಿದ್ದಾಗ ಅವರನ್ನ ಒಳಗೆ ಬಿಡದ ಕೋಣೆಗೆ ಅವರ ಹೆಸರು ಬೇಡ. ನಾನು ಬರೂದಿಲ್ಲ. ಅವರು ಸಹನಾಮೂರ್ತಿಯೂ ಅಲ್ಲ.’

ಮುಂದಿನ ಸಾಲಿನವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅಕ್ಕೋರ ಅಕ್ಕ ಒಬ್ಬರೇ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದವನಿಗೆ ಮುಂದೆ ಬರಬೇಕೋ ಬೇಡವೋ ಗೊತ್ತಾಗಲಿಲ್ಲ. ನಾನೇ ಇಳಿದು ಹೋಗಿ ಒಂದು ಲೋಟ ತೆಗೆದುಕೊಂಡೆ. ಆರಿಹೋಗಿತ್ತು. ಕೆನೆ ಸರಿಸಿ ಪೂರ್ತಿ ಕುಡಿದೆ.